ಎಂ.ಜಿ. ರೋಡ್ ಮಾರ್ಕೆಟ್‌ನ ಹಸಿ ಕಡ್ಲೆಕಾಯಿ: ಮೂರು ವಾರ ತಂದು ಬೇಯಿಸಿದ ಮೇಲೆ

ಈ ಕಾರ್ತಿಕದಲ್ಲಿ ಮೂರು ಭಾನುವಾರ ಬಿಡದೆ ಮೈಸೂರಿನ ಎಂ.ಜಿ. ರೋಡ್ ತರಕಾರಿ ಮಾರ್ಕೆಟ್‌ಗೆ ಹೋಗಿ, ಅಲ್ಲಿ ರಸ್ತೆ ಬದಿ ಗೋಣಿತಾಟು ಹಾಸಿಕೊಂಡು ಕೂರುವ ಒಬ್ಬರು ಅಜ್ಜಿ ಹತ್ತಿರ ಹಸಿ ಕಡ್ಲೆಕಾಯಿ ತಗೊಂಡು ಬಂದೆ. ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಬೇಯಿಸುವುದಕ್ಕೆ ಇಷ್ಟು ಒಳ್ಳೆ ಕಾಯಿ ಈ ವರ್ಷ ನನಗೆ ಬೇರೆ ಎಲ್ಲೂ ಸಿಗಲಿಲ್ಲ. ತಳ್ಳುಗಾಡಿಯಲ್ಲಿ ಬೇಯಿಸಿದ್ದು ತಿಂದೆ, ಆ್ಯಪ್‌ನಲ್ಲಿ ತರಿಸಿದೆ, ಅಂಗಡಿಯ ಪ್ಯಾಕೆಟ್ ಕೂಡ ನೋಡಿದೆ. ಎಲ್ಲದರ ಬಗ್ಗೆಯೂ ಬರೆಯುತ್ತೇನೆ, ಆದರೆ ಜಾಸ್ತಿ ಬರೆಯಬೇಕಾದ್ದು ಈ ಅಜ್ಜಿಯ ಗುಡ್ಡೆ ಬಗ್ಗೆ, ಮತ್ತೆ ಆ ಕಾಯಿ ಮನೆಗೆ ಬಂದ ಮೇಲೆ ಏನು ಮಾಡಬೇಕು ಅನ್ನೋದರ ಬಗ್ಗೆ.

ಇಷ್ಟೆಲ್ಲ ಓಡಾಡಿದ್ದು ಅಪ್ಪನಿಗಾಗಿ. ಅವರಿಗೆ ಈಗ 78. ನಾಗಮಂಗಲ ಕಡೆ ಹಳ್ಳಿಯಲ್ಲಿ ಬೆಳೆದವರು. ಹೊಲದಲ್ಲೇ ಗಿಡ ಕಿತ್ತು, ಒಣ ಸೋಗೆ ಹಾಕಿ ಬೆಂಕಿ ಮಾಡಿ ಸುಟ್ಟು ತಿಂದು ಬೆಳೆದವರು. ಎರಡು ವರ್ಷದಿಂದ ಹಲ್ಲಿನ ಸೆಟ್ ಹಾಕಿಕೊಂಡಿದ್ದಾರೆ, ಹುರಿದ ಕಡ್ಲೆಕಾಯಿ ಆಗೋದಿಲ್ಲ. ಬೇಯಿಸಿದ್ದು ಮಾತ್ರ ಆಗುತ್ತದೆ, ಅದೂ ನಾಲಿಗೆಯಲ್ಲಿ ಒತ್ತಿದರೆ ಮುರಿಯೋ ಹಾಗೆ ಬೆಂದಿರಬೇಕು. ಹೊರಗೆ ತಗೊಂಡರೆ ಅಷ್ಟು ಮೆತ್ತಗೆ ಸಿಗುವುದು ಅಪರೂಪ. ಹಾಗಾಗಿ ನಾನೇ ಬೇಯಿಸೋಣ ಅಂತ ಶುರು ಮಾಡಿದೆ.

ಮೊದಲ ಸಲ ತರಿಸಿದ್ದು ಆ್ಯಪ್‌ನಲ್ಲಿ. ಯಾವುದು ಅಂತ ಇಲ್ಲಿ ಹೇಳುವುದಿಲ್ಲ. ಚಿತ್ರದಲ್ಲಿ ಹಸಿ ಕಾಯಿ ಇತ್ತು, ಹೆಸರಿನಲ್ಲೂ ಹಸಿ ಅಂತಲೇ ಇತ್ತು. ಬಂದಿದ್ದು ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿದ ಒಂದು ಕೆಜಿ. ಒಳಗೆಲ್ಲ ನೀರಿನ ಹನಿ. ಕೈಗೆ ತಗೊಂಡು ಅಲ್ಲಾಡಿಸಿದರೆ ಕಾಯಿ ಗಿಲಕಿ ಥರ ಸದ್ದು ಮಾಡುತ್ತಿತ್ತು. ಹಸಿ ಕಾಯಿ ಸದ್ದು ಮಾಡಲ್ಲ, ಅಲ್ವಾ? ಬೀಜ ಸಿಪ್ಪೆ ತುಂಬ ತುಂಬಿಕೊಂಡಿರುತ್ತದೆ, ಅಲ್ಲಾಡೋಕೆ ಜಾಗವೇ ಇರುವುದಿಲ್ಲ. ಒಣಗಿದ ಮೇಲೆ ಬೀಜ ಕುಗ್ಗುತ್ತದೆ, ಆವಾಗ ಸದ್ದು. ಅಂದರೆ ಒಣ ಕಾಯಿಗೆ ನೀರು ಸೋಕಿಸಿ ಕಳಿಸಿದ್ದರು. ಹತ್ತು ಕಾಯಿ ಒಡೆದು ನೋಡಿದೆ, ಮೂರರಲ್ಲಿ ಒಳಗೆ ಹಸಿರು ಬೂಷ್ಟು. ಪೂರ್ತಿ ಎಸೆದೆ.

ಇದನ್ನು ಯಾಕೆ ಇಷ್ಟು ಹೇಳುತ್ತಿದ್ದೇನೆ ಅಂದರೆ, ಬೂಷ್ಟು ಬಂದ ಕಾಯಿ ಆರಿಸಿ ಬಿಸಾಕಿ ಮಿಕ್ಕಿದ್ದನ್ನು ಚೆನ್ನಾಗಿ ಬೇಯಿಸಿದರೆ ಸರಿಹೋಗುತ್ತದೆ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಸರಿಹೋಗಲ್ಲ. ಕಡ್ಲೆಕಾಯಿಗೆ ಹತ್ತುವ ಒಂದು ಜಾತಿ ಬೂಷ್ಟಿನಿಂದ ಅಫ್ಲಟಾಕ್ಸಿನ್ ಅನ್ನೋ ವಿಷ ಬರುತ್ತದೆ. ಅದು ಲಿವರ್‌ಗೆ ಕೆಟ್ಟದ್ದು, ಅಡುಗೆಮನೆಯ ಬಿಸಿಗೆ ಹೋಗುವಂಥದ್ದಲ್ಲ. ವಯಸ್ಸಾದವರು, ಮಕ್ಕಳು ಇರುವ ಮನೆಯಲ್ಲಿ ಎಂಬತ್ತು ರೂಪಾಯಿ ಮುಖ ನೋಡಬೇಡಿ. ಆ್ಯಪ್‌ನವರು ಫೋಟೋ ಕೇಳಿದರು, ಕಳಿಸಿದೆ, ದುಡ್ಡು ವಾಪಸ್ ಬಂತು. ಅದು ಸರಿ. ಆದರೆ ಅಪ್ಪ ಅವತ್ತು ಸಂಜೆ ಕಾಫಿ ಲೋಟ ಹಿಡಿದುಕೊಂಡು ಎರಡು ಸಲ ಅಡುಗೆಮನೆ ಬಾಗಿಲಿಗೆ ಬಂದು ಹೋದರಲ್ಲ, ಅದು ನನಗೆ ಸಂಕಟ ಆಯಿತು.

ಆಮೇಲೆ ಸಿಕ್ಕಿದ್ದು ಈ ಅಜ್ಜಿ. ಎಂ.ಜಿ. ರೋಡ್ ಮಾರ್ಕೆಟ್ ಗೊತ್ತಲ್ಲ, ಜೆಎಸ್‌ಎಸ್ ಆಸ್ಪತ್ರೆ ಇರೋ ರಸ್ತೆ. ಸುತ್ತಲ ಊರಿನವರು ಬೆಳಿಗ್ಗೆ ಬೆಳಿಗ್ಗೆ ಸೊಪ್ಪು, ತರಕಾರಿ ತಂದು ಸುರಿದುಕೊಂಡು ಕೂರುತ್ತಾರೆ. ದೇವರಾಜ ಮಾರ್ಕೆಟ್‌ನಲ್ಲೂ ಕಡ್ಲೆಕಾಯಿ ಸಿಗುತ್ತದೆ, ಹೂವು ಬಾಳೆಹಣ್ಣು ತರುವ ದಿನ ಅಲ್ಲೇ ತಗೊಂಡಿದ್ದೂ ಉಂಟು. ಆದರೆ ಬೆಳೆದವರ ಕೈಯಿಂದಲೇ, ಮಣ್ಣು ಮೆತ್ತಿಕೊಂಡಿರೋ ಕಾಯಿ ಬೇಕು ಅಂದರೆ ನನಗೆ ಎಂ.ಜಿ. ರೋಡೇ ಸರಿ ಅನ್ನಿಸುತ್ತದೆ. ಏಳು ಗಂಟೆ ಒಳಗೆ ಹೋಗಬೇಕು. ಎಂಟೂವರೆ ಆದರೆ ಗುಡ್ಡೆಯಲ್ಲಿ ಚಿಕ್ಕ ಕಾಯಿಯೇ ಜಾಸ್ತಿ ಉಳಿದಿರುತ್ತದೆ.

ಅಜ್ಜಿಯ ಗುಡ್ಡೆ ನೋಡಿದ ತಕ್ಷಣ ಗೊತ್ತಾಯಿತು. ಕೆಂಪು ಮಣ್ಣು ಇನ್ನೂ ಒದ್ದೆ. ಕೆಲವು ಕಾಯಿಗೆ ದಾರದಂಥ ಕಡ್ಡಿ ಅಂಟಿಕೊಂಡೇ ಇತ್ತು. ನಾನು ಕೈ ಹಾಕಿ ಅಲ್ಲಾಡಿಸಿ ನೋಡುವಾಗ ಅಜ್ಜಿ ನಕ್ಕರು.

“ಅಲ್ಲಾಡ್ಸಿದ್ರೆ ಏನೂ ಸಿಗಲ್ಲ ಕಣವ್ವ. ನೆನ್ನೆ ಹೊತ್ತು ಮುಳುಗೋವಾಗ ಕಿತ್ತಿದ್ದು. ಬುಡ್ಸಿ ನೋಡು.”

ಅವರೇ ಒಂದು ಕಾಯಿ ಎತ್ತಿ, ಮೂತಿ ಹತ್ತಿರ ಹೆಬ್ಬೆರಳಲ್ಲಿ ಒತ್ತಿ ಬಾಯಿ ಬಿಡಿಸಿದರು. ಸಿಪ್ಪೆಯ ಒಳಮೈ ಕಂದು ಬಣ್ಣಕ್ಕೆ ತಿರುಗಿತ್ತು, ಅಲ್ಲಲ್ಲಿ ಕಪ್ಪು ಛಾಯೆ. ಬೀಜ ತಿಳಿ ಗುಲಾಬಿ, ಮೇಲೆ ನೀರಿನ ಹೊಳಪು. “ಇದು ಬಲ್ತದೆ” ಅಂದರು. ಇನ್ನೊಂದು ಬಿಡಿಸಿದರು. ಅದರ ಒಳಗೆ ಬೆಳ್ಳಗೆ, ಹತ್ತಿ ಇಟ್ಟ ಹಾಗೆ ಮೆತ್ತಗೆ, ಬೀಜ ಮೆಣಸಿನ ಕಾಳಿಗಿಂತ ಸ್ವಲ್ಪ ದಪ್ಪ ಅಷ್ಟೇ. “ಇದು ಎಳಸು. ಬೆಂದ್ಮೇಲೆ ಸಿಪ್ಪೆ ಸಮೇತ ಅಗಿ, ಉಪ್ಪುನೀರು ಕುಡ್ಕೊಂಡಿರ್ತದೆ, ಅದೇ ರುಚಿ.” ಬಲಿತಿದ್ದು ಎಳಸು ಎರಡೂ ಇರೋ ಗುಡ್ಡೆಯೇ ಬೇಯಿಸೋಕೆ ಒಳ್ಳೆಯದು ಅನ್ನೋದು ಅವರ ಮಾತು. ಬರೀ ಬಲಿತಿದ್ದು ಹುರಿಯೋದಕ್ಕೆ. ಮೂರು ವಾರ ಬೇಯಿಸಿದ ಮೇಲೆ ನಾನೂ ಅದನ್ನೇ ಹೇಳುತ್ತೇನೆ.

ಆ ದಾರದಂಥ ಕಡ್ಡಿ ಬಗ್ಗೆ ಅಪ್ಪ ಹೇಳಿದ್ದು ನನ್ನ ಮಗಳಿಗೆ ಬಹಳ ಹಿಡಿಸಿತು. ಕಡ್ಲೆಕಾಯಿ ಗಿಡದಲ್ಲಿ ಹಳದಿ ಹೂವು ನೆಲದ ಮೇಲೆ ಬಿಡುತ್ತದೆ. ಹೂವು ಬಾಡಿದ ಮೇಲೆ ಅದರ ಬುಡದಿಂದ ಸೂಜಿ ಥರ ಕಡ್ಡಿ ಇಳಿದು ಮಣ್ಣೊಳಗೆ ಹೋಗುತ್ತದೆ, ಅಲ್ಲಿ ಅದರ ತುದಿ ಕಾಯಿ ಆಗುತ್ತದೆ. ಬೇರಿನಲ್ಲಿ ಬಿಡುವ ಗೆಡ್ಡೆ ಅಲ್ಲ ಇದು. ಅವರೆ, ತೊಗರಿ ಜಾತಿಗೇ ಸೇರಿದ್ದು. ಅದಕ್ಕೇ ಮಣ್ಣು ಸಡಿಲ ಇರಬೇಕು, ಗಟ್ಟಿ ನೆಲ ಆದರೆ ಕಡ್ಡಿ ಇಳಿಯಲ್ಲ. ಕೆಂಪು ಮರಳು ಮಿಶ್ರ ಮಣ್ಣಿನ ಕಾಯಿ ಕೀಳೋದೂ ಸುಲಭ, ತೊಳೆಯೋದೂ ಸುಲಭ. ಎರೆ ಮಣ್ಣಿನದು ಸಿಪ್ಪೆಯ ಗೆರೆಯೊಳಗೆ ಕಚ್ಚಿಕೊಂಡು ಬಿಡುತ್ತದೆ. ಇನ್ನು ಜೊಳ್ಳು, ಅಂದರೆ ಬೀಜವೇ ತುಂಬದ ಕಾಯಿ. ಮಣ್ಣಲ್ಲಿ ಸುಣ್ಣದಂಶ ಸಾಲದೆ ಹೋದರೆ ಅದು ಜಾಸ್ತಿ ಆಗುತ್ತದೆ, ಅದಕ್ಕೇ ಹೂವು ಬಿಡುವ ಹೊತ್ತಿಗೆ ಜಿಪ್ಸಂ ಹಾಕುತ್ತಾರೆ. ಅಜ್ಜಿಯ ಕಾಯಲ್ಲಿ ಜೊಳ್ಳು ಇರಲಿಲ್ಲ ಅಂತ ಹೇಳಲ್ಲ, ಎರಡನೇ ವಾರದ್ದರಲ್ಲಿ ಸ್ವಲ್ಪ ಜಾಸ್ತಿಯೇ ಇತ್ತು. ಕೇಳಿದ್ದಕ್ಕೆ ಮುಂದಿನ ವಾರ ಎರಡು ಹಿಡಿ ಕೊಸರು ಹಾಕಿದರು.

ಈಗ ಬೇಯಿಸೋ ವಿಷಯ. ಇದರಲ್ಲಿ ನಾನು ಮೊದಲ ವಾರ ತಪ್ಪು ಮಾಡಿದೆ, ಎರಡನೇ ವಾರ ಅರ್ಧ ಸರಿ ಮಾಡಿದೆ.

ತೊಳೆಯೋದನ್ನು ಅವಸರದಲ್ಲಿ ಮಾಡಬೇಡಿ. ದೊಡ್ಡ ಬೋಸಿಗೆ ಸುರಿದು, ನೀರು ತುಂಬಿ, ಕಾಲು ಗಂಟೆ ಬಿಟ್ಟು, ಆಮೇಲೆ ಎರಡೂ ಅಂಗೈಯಲ್ಲಿ ಉಜ್ಜಿ. ನಾಲ್ಕು ನೀರು ಬೇಕು. ನಾಲ್ಕನೆಯದು ತಿಳಿಯಾಗಿ ಕಂಡರೆ ನಿಲ್ಲಿಸಿ. ಮಣ್ಣು ಉಳಿದರೆ ಬೆಂದ ನೀರು ಕೆಂಪಾಗುತ್ತದೆ, ಅದೇ ನೀರು ಸಿಪ್ಪೆ ಒಳಗೂ ಹೋಗುತ್ತದೆ, ಹಲ್ಲಿಗೆ ಕರಕರ ಸಿಗುತ್ತದೆ. ತೊಳೆದ ನೀರನ್ನು ಸಿಂಕಿಗೆ ಬಿಡಬೇಡಿ, ಗಿಡಕ್ಕೆ ಹಾಕಿ.

ಒಂದು ಕೆಜಿ ಹಸಿ ಕಾಯಿ ಐದು ಲೀಟರ್ ಕುಕ್ಕರಿಗೆ ಸರಿಯಾಗಿ ಹಿಡಿಯುತ್ತದೆ. ಮುಕ್ಕಾಲಿಗಿಂತ ಕಡಿಮೆಯೇ ತುಂಬಿ, ಮೇಲೆ ಜಾಗ ಇರಬೇಕು. ಕಾಯಿ ಮುಳುಗೋ ಅಷ್ಟು ನೀರು ಹಾಕಿ. ತೇಲುತ್ತವೆ, ತೇಲಲಿ, ಕೈಯಲ್ಲಿ ಒತ್ತಿ ನೋಡಿದರೆ ನೀರು ಮೇಲೆ ಬರಬೇಕು ಅಷ್ಟೇ. ಉಪ್ಪು ಕಲ್ಲುಪ್ಪೇ ಹಾಕಿ, ಮೂರು ದೊಡ್ಡ ಚಮಚ ತುಂಬ. ನೀರನ್ನು ನಾಲಿಗೆಗೆ ಮುಟ್ಟಿಸಿದರೆ ಸಾರಿಗಿಂತ ಎರಡು ಪಟ್ಟು ಉಪ್ಪು ಅನ್ನಿಸಬೇಕು. ಜಾಸ್ತಿ ಆಯಿತೇನೋ ಅಂತ ಹೆದರಬೇಡಿ, ಆ ನೀರನ್ನು ನಾವು ಕುಡಿಯಲ್ಲ, ನೀರಿನ ಉಪ್ಪೆಲ್ಲ ಬೀಜಕ್ಕೆ ಹೋಗಲ್ಲ. ಒಂದು ಚಿಟಿಕೆ ಅರಿಶಿನ ನಮ್ಮ ಅಮ್ಮ ಹಾಕುತ್ತಿದ್ದರು, ನಾನೂ ಹಾಕುತ್ತೇನೆ. ಬಿಪಿ ಇರುವವರಿಗೆ ಉಪ್ಪು ಅರ್ಧ ಮಾಡಿ, ಬೇಯೋದಕ್ಕೆ ಅದರಿಂದ ಏನೂ ತೊಂದರೆ ಇಲ್ಲ.

ಮೂರು ಕೂಗು ಕೂಗಿಸಿ, ಉರಿ ಸಣ್ಣ ಮಾಡಿ ಹತ್ತು ನಿಮಿಷ. ಇದು ನಮಗೆ. ಅಪ್ಪನಿಗೆ ಐದು ಕೂಗು, ಮೇಲೆ ಹದಿನೈದು ನಿಮಿಷ. ಕುಕ್ಕರ್ ಇಲ್ಲದೆ ತೆರೆದ ಪಾತ್ರೆಯಲ್ಲಾದರೆ ತಟ್ಟೆ ಮುಚ್ಚಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ.

ಇಲ್ಲಿಂದ ಮುಂದೆಯೇ ನಾನು ತಪ್ಪಿದ್ದು. ಮೊದಲ ವಾರ ಕುಕ್ಕರಿನ ಆವಿ ಇಳಿದ ತಕ್ಷಣ, ಬಿಸಿ ಇರುವಾಗಲೇ ನೀರು ಬಸಿದುಬಿಟ್ಟೆ. ಬೆಂದಿತ್ತು, ಆದರೆ ಸಪ್ಪೆ. ಸಿಪ್ಪೆಗೆ ಉಪ್ಪು ಹತ್ತಿತ್ತು, ಬೀಜಕ್ಕೆ ಇಲ್ಲ. ಅಪ್ಪ ಏನೂ ಅನ್ನಲಿಲ್ಲ, ಪಕ್ಕದಲ್ಲಿ ಉಪ್ಪಿನ ಡಬ್ಬಿ ಇಟ್ಟುಕೊಂಡು ತಿಂದರು. ಎರಡನೇ ವಾರ ಅಜ್ಜಿಗೆ ಇದನ್ನು ಹೇಳಿದೆ. “ಯಾಕವ್ವ ಬಸ್ದೆ? ಆರೋಗಂಟ ಅದ್ರಲ್ಲೇ ಬುಡ್ಬೇಕು” ಅಂದರು. ಅಷ್ಟೇ ವಿಷಯ. ಕಾಯಿ ಬಿಸಿಯಾಗಿರುವಾಗ ಒಳಗಿನ ಗಾಳಿ, ಆವಿ ಹಿಗ್ಗಿರುತ್ತದೆ. ಆರುತ್ತಾ ಬಂದ ಹಾಗೆ ಅದು ಕುಗ್ಗುತ್ತದೆ, ಆ ಜಾಗಕ್ಕೆ ಉಪ್ಪುನೀರು ನುಗ್ಗುತ್ತದೆ. ತೇಲುತ್ತಿದ್ದ ಕಾಯಿ ಒಂದೊಂದಾಗಿ ಮುಳುಗೋದನ್ನು ಕಣ್ಣಾರೆ ನೋಡಬಹುದು. ಎರಡನೇ ವಾರ ಅರ್ಧ ಗಂಟೆ ಬಿಟ್ಟೆ, ಪರವಾಗಿಲ್ಲ ಅನ್ನಿಸಿತು. ಮೂರನೇ ವಾರ ಒಂದೂವರೆ ಗಂಟೆ ಬಿಟ್ಟೆ, ಮೇಲೆ ಒಂದು ತಟ್ಟೆ ಕವುಚಿ ಅದರ ಮೇಲೆ ಕುಟ್ಟಾಣಿ ಕಲ್ಲು ಇಟ್ಟು, ಒಂದೂ ತೇಲದ ಹಾಗೆ. ಕಾಯಿ ಹಿಂಡಿದರೆ ಉಪ್ಪುನೀರು ಚಿಮ್ಮಿ ಕನ್ನಡಕಕ್ಕೆ ಹಾರಿತು. ಅಪ್ಪ ಉಪ್ಪಿನ ಡಬ್ಬಿ ಕೇಳಲಿಲ್ಲ.

ಹದಿನೈದು ನಿಮಿಷಕ್ಕೊಂದು ಕಾಯಿ ತೆಗೆದು ತಿಂದು ನೋಡುತ್ತಾ ಇರಿ. ಸರಿಯಾದ ರುಚಿಗೆ ಬಂದಾಗ ಬಸಿಯಿರಿ. ಅದಕ್ಕಿಂತ ಜಾಸ್ತಿ ಬಿಟ್ಟರೆ ಉಪ್ಪಾಗುತ್ತದೆ.

ನೀರಿನ ಬಗ್ಗೆ ಒಂದು ಮಾತು. ಇದೇ ಕಾಯಲ್ಲಿ ಒಂದು ಕೆಜಿ ಮಂಡ್ಯದಲ್ಲಿರುವ ಅಕ್ಕನ ಮನೆಗೆ ತಗೊಂಡು ಹೋಗಿದ್ದೆ. ಅವರದು ಊರಾಚೆ ಹೊಸ ಬಡಾವಣೆ, ಬೋರ್‌ವೆಲ್ ನೀರು. ಐದು ಕೂಗು ಕೂಗಿಸಿದರೂ ಬೀಜದಲ್ಲಿ ಗಟ್ಟಿತನ ಉಳಿಯಿತು. ಅಕ್ಕ ಕಾಯಿಯದೇ ತಪ್ಪು ಅಂದಳು. ಅವಳ ಕುಕ್ಕರ್ ಒಳಗೆ ನೋಡಿದರೆ ಬೆಳ್ಳಗೆ ಸುಣ್ಣದ ಹಾಗೆ ಕಟ್ಟಿಕೊಂಡಿದೆ. ಗಡಸು ನೀರಿನಲ್ಲಿ ಬೇಳೆ ಬೇಯೋದೂ ನಿಧಾನ, ಕಾಳು ಬೇಯೋದೂ ನಿಧಾನ, ಕಡ್ಲೆಕಾಯಿಯೂ ಅಷ್ಟೇ. ಕುಡಿಯೋಕೆ ಇಟ್ಟುಕೊಂಡಿದ್ದ ಫಿಲ್ಟರ್ ನೀರಿನಲ್ಲಿ ಉಳಿದಿದ್ದನ್ನು ಬೇಯಿಸಿದ ಮೇಲೆ ಬೆಣ್ಣೆ ಥರ ಬೆಂದಿತು. ಮೈಸೂರಿನ ನಮ್ಮ ಮನೆಗೆ ಬರುವ ನಲ್ಲಿ ನೀರಿನಲ್ಲಿ ಈ ಕಷ್ಟ ಇಲ್ಲ.

ಹಸಿ ಕಾಯಿ ಸಿಗದ ತಿಂಗಳಲ್ಲಿ ಒಣ ಕಾಯಿ ಬೇಯಿಸಬಹುದಾ ಅಂತ ಕೇಳುವವರಿಗೆ: ಬೇಯಿಸಬಹುದು, ಆದರೆ ರಾತ್ರಿ ಪೂರ್ತಿ ನೆನೆಸಿ, ಎಂಟು ಹತ್ತು ಕೂಗು ಕೂಗಿಸಿ, ಸಣ್ಣ ಉರಿಯಲ್ಲಿ ಇನ್ನೂ ಅರ್ಧ ಗಂಟೆ ಇಡಬೇಕು. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲೂ ನಮ್ಮ ಹಾಗೇ ಉಪ್ಪುನೀರಿನಲ್ಲಿ ಬೇಯಿಸಿ ರಸ್ತೆ ಬದಿ ಮಾರುತ್ತಾರೆ, ದಕ್ಷಿಣ ಕ್ಯಾರೊಲಿನಾ ರಾಜ್ಯವಂತೂ 2006ರಲ್ಲಿ ಇದನ್ನು ತನ್ನ ಅಧಿಕೃತ ತಿಂಡಿ ಅಂತಲೇ ಮಾಡಿಕೊಂಡಿತು. ಅಲ್ಲಿ ಒಣ ಕಾಯನ್ನು ಗಂಟೆಗಟ್ಟಲೆ ಕುದಿಸುತ್ತಾರೆ. ನಾನೂ ಬೇಸಿಗೆಯಲ್ಲಿ ಒಂದು ಸಲ ಮಾಡಿದ್ದೆ, ಮೆತ್ತಗಾಯಿತು, ಆದರೆ ಹಸಿ ಕಾಯಿಯ ಆ ಸಿಹಿ ಇರಲಿಲ್ಲ.

ತಳ್ಳುಗಾಡಿಯದು? ಅವರ ಬಗ್ಗೆ ನನಗೆ ಒಳ್ಳೆ ಮಾತೇ ಇದೆ. ಸಂಜೆ ವಾಕಿಂಗ್ ಮುಗಿಸಿ ಬರುವಾಗ, ಒದ್ದೆ ಗೋಣಿ ಮುಚ್ಚಿದ ಗುಡ್ಡೆಯಿಂದ ಹೊಗೆಯಾಡುತ್ತಾ ಪಾವಿನಲ್ಲಿ ಅಳೆದು ಪೇಪರ್ ಪೊಟ್ಟಣಕ್ಕೆ ಸುರಿದು ಕೊಡುತ್ತಾರಲ್ಲ, ಆ ಬಿಸಿ ಮನೆಯಲ್ಲಿ ಸಿಗಲ್ಲ. ಅವರಿಗೆ ದಿನ ಪೂರ್ತಿ ಕಾಯಿ ಗಟ್ಟಿಯಾಗಿ ನಿಲ್ಲಬೇಕು, ಹಾಗಾಗಿ ಸ್ವಲ್ಪ ಬಿಗಿಯಾಗಿಯೇ ಬೇಯಿಸುತ್ತಾರೆ. ಹಲ್ಲಿರುವವರಿಗೆ ಅದು ಚೆಂದ. ಅಪ್ಪನಿಗೆ ಆಗಲ್ಲ. ಅಂಗಡಿಯಲ್ಲಿ ಸಿಗುವ ಬೇಯಿಸಿದ ಪ್ಯಾಕೆಟ್ ಬಗ್ಗೆ ಹೇಳೋದು ಕಡಿಮೆ. ಒಂದು ಸಲ ತಂದೆವು, ಸಿಪ್ಪೆ ಅಂಟಂಟು, ಡಬ್ಬಿಯ ವಾಸನೆ, ಬೆಲೆ ಮೂರು ಪಟ್ಟು. ಮತ್ತೆ ತರಲಿಲ್ಲ.

ನಾವು ತಿನ್ನೋದು ಹೇಗೆ ಅಂದರೆ, ಮೊರಕ್ಕೆ ಸುರಿದು ಹಾಲ್‌ನಲ್ಲಿ ನೆಲದ ಮೇಲೆ ಕೂತು. ಅಪ್ಪನಿಗೆ ಮಾತ್ರ ಕುರ್ಚಿ. ಅವರು ಕಾಯಿಯನ್ನು ತುಟಿಗೆ ಇಟ್ಟು ಮೊದಲು ನೀರು ಹೀರುತ್ತಾರೆ, ಆಮೇಲೆ ಬಿಡಿಸುತ್ತಾರೆ. ಮಗಳು ಅದನ್ನು ಕಲಿತುಬಿಟ್ಟಿದ್ದಾಳೆ. ಕಾಲು ಕೆಜಿ ಪಕ್ಕಕ್ಕಿಟ್ಟು ಮಾರನೇ ದಿನ ಬಿಡಿಸಿ, ಈರುಳ್ಳಿ, ಕ್ಯಾರೆಟ್ ತುರಿ, ಕೊತ್ತಂಬರಿ ಸೊಪ್ಪು, ಹಸಿಮೆಣಸಿನಕಾಯಿ, ತೆಂಗಿನಕಾಯಿ ತುರಿ, ನಿಂಬೆಹುಳಿ ಹಾಕಿ ಕಲಸಿದರೆ ಅದೇ ರಾತ್ರಿ ಊಟಕ್ಕೆ ಸಾಕು ಅನ್ನಿಸುತ್ತದೆ. ಸಂಕ್ರಾಂತಿಗೆ ಗೆಣಸು, ಅವರೆಕಾಯಿ ಜೊತೆ ಬೇಯಿಸೋದು ನಮ್ಮ ಕಡೆ ಇದ್ದೇ ಇದೆ, ಅದಕ್ಕೂ ಇದೇ ಲೆಕ್ಕ. ಬೆಂದ ಕಾಯಿ ಹೊರಗೆ ಇಟ್ಟರೆ ಮಾರನೇ ದಿನಕ್ಕೆ ಲೋಳೆ ಬರುತ್ತದೆ. ನೀರು ಬಸಿದು ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿಟ್ಟರೆ ಮೂರು ದಿನ. ಬೇಯಿಸದ ಹಸಿ ಕಾಯನ್ನೂ ಪ್ಲಾಸ್ಟಿಕ್‌ನಲ್ಲಿ ಕಟ್ಟಿಡಬೇಡಿ, ಬೆವರಿ ಬೂಷ್ಟು ಹಿಡಿಯುತ್ತದೆ. ತಂದ ದಿನವೇ ಬೇಯಿಸಿ, ಆಗದಿದ್ದರೆ ನೆರಳಲ್ಲಿ ಹರಡಿ.

ಇನ್ನು ಅಜ್ಜಿ ಹತ್ತಿರ ತಗೊಳ್ಳೋದರಲ್ಲಿ ಇರುವ ಕಷ್ಟ. ಮೊದಲನೆಯದು, ಮಣ್ಣಿನ ತೂಕ. ಒಂದು ಕೆಜಿ ತಂದು ತೊಳೆದು ಬಸಿದು ತೂಗಿದೆ, 900 ಗ್ರಾಂ ಚಿಲ್ಲರೆ ಬಂತು. ನನಗೆ ಅದು ಒಪ್ಪಿಗೆ, ಮಣ್ಣು ತೊಳೆದು ಮಾರಿದರೆ ಕಾಯಿ ಬೇಗ ಕೆಡುತ್ತದೆ. ಎರಡನೆಯದು, ಸ್ಕ್ಯಾನ್ ಮಾಡಿ ದುಡ್ಡು ಕೊಡೋಕೆ ಆಗಲ್ಲ, ಚಿಲ್ಲರೆ ತಗೊಂಡು ಹೋಗಿ. ಗಾಡಿ ನಿಲ್ಲಿಸೋಕೆ ಜಾಗ ಇಲ್ಲ, ದೂರ ನಿಲ್ಲಿಸಿ ನಡೆಯಬೇಕು. ಕೆಜಿಗೆ ಮೊದಲ ವಾರ 80 ರೂಪಾಯಿ, ಆಮೇಲೆ 70 ಕೊಟ್ಟೆ. ಚೌಕಾಸಿ ಮಾಡಲಿಲ್ಲ. ಮುಂಗಾರಿಗೆ ಬಿತ್ತಿ ನೂರು ನೂರಿಪ್ಪತ್ತು ದಿನ ಕಾದು, ಬಗ್ಗಿ ಗಿಡ ಕಿತ್ತು, ಕೈಯಲ್ಲಿ ಒಂದೊಂದೇ ಕಾಯಿ ಬಿಡಿಸಿ, ರಾತ್ರಿಯೇ ಚೀಲ ತುಂಬಿ ಮೊದಲ ಬಸ್ಸಿಗೆ ಹಾಕಿಕೊಂಡು ಬರುವವರ ಹತ್ತಿರ ಹತ್ತು ರೂಪಾಯಿಗೆ ಮಾತಾಡೋಕೆ ನನಗೆ ಮನಸ್ಸು ಬರಲಿಲ್ಲ. ಅವರ ಬೆರಳ ಸಂದಿಯಲ್ಲಿ ಕೆಂಪು ಮಣ್ಣು ಗೆರೆ ಹಾಗೇ ಕೂತಿತ್ತು, ತೊಳೆದರೂ ಹೋಗದಂಥದ್ದು.

ಬೆಂಗಳೂರಿನ ಬಸವನಗುಡಿಯಲ್ಲಿ ಕಾರ್ತಿಕದ ಕೊನೆ ಸೋಮವಾರ ಕಡ್ಲೆಕಾಯಿ ಪರಿಷೆ ಆಗುತ್ತದಲ್ಲ, ಅಷ್ಟು ಹೊತ್ತಿಗೆ ನಮ್ಮ ಕಡೆ ಹಸಿ ಕಾಯಿ ಕಡಿಮೆ ಆಗುತ್ತಾ ಬರುತ್ತದೆ. ಅಜ್ಜಿಯ ಹೊಲದಲ್ಲಿ ಇನ್ನು ಎರಡು ಸಾಲು ಉಳಿದಿದೆಯಂತೆ. “ಮುಂದಿನ್ ವಾರ ಬರ್ತೀನಿ, ಅದ್ರಾಚೆ ವಾರ ಗೊತ್ತಿಲ್ಲ ಕಣವ್ವ” ಅಂದಿದ್ದಾರೆ. ಎರಡು ಕೆಜಿ ಎತ್ತಿಡಿ ಅಂತ ಹೇಳಿ ಬಂದಿದ್ದೇನೆ. ಹೋಗುವವರು ಇದ್ದರೆ ಏಳು ಗಂಟೆ ಒಳಗೆ ಹೋಗಿ, ಬಟ್ಟೆ ಚೀಲ ತಗೊಂಡು ಹೋಗಿ, ತಗೊಳ್ಳುವ ಮೊದಲು ಎರಡು ಕಾಯಿ ಬಿಡಿಸಿ ನೋಡಿ, ಬೇಜಾರು ಮಾಡಿಕೊಳ್ಳಲ್ಲ, ಅವರೇ ಬಿಡಿಸಿ ಕೊಡುತ್ತಾರೆ.